ನೀನಿ ಅಂದರೆ ಯಾವತ್ತು

ನಿಮ್ಮ ಮನೆ ಮುಂದಿನ ಕಸದ ಡಬ್ಬಿಯನ್ನು ಎತ್ತಿಸುವುದು ಪ್ರಧಾನಮಂತ್ರಿ ಅಲ್ಲ, ಕೌನ್ಸಿಲ್. ಇದು ನಿಮಗೆ ಗೊತ್ತಿರಬೇಕು. ನೀವು ವಾಕಿಂಗ್ ಹೋಗುವ ಫುಟ್‌ಪಾತ್, ಮಕ್ಕಳು ಆಡುವ ಜಾರುಬಂಡೆ, ಲೈಬ್ರರಿಯ ಮೂಲೆಯಲ್ಲಿರುವ ಕನ್ನಡ ಪುಸ್ತಕಗಳ ಕಪಾಟು, ದೀಪಾವಳಿಗೆ ಬುಕ್ ಮಾಡುವ ಹಾಲ್, ಎಲ್ಲ ಅದರದ್ದೇ. ಆದರೂ ಸಿಡ್ನಿಯಲ್ಲಿ ನಮ್ಮವರ ಯಾವ ಮನೆಗೆ ಊಟಕ್ಕೆ ಹೋದರೂ ಮಾತು ದೆಹಲಿಯಲ್ಲಿ ಶುರುವಾಗಿ ವಾಷಿಂಗ್ಟನ್ನಿನಲ್ಲಿ ಮುಗಿಯುತ್ತದೆ. ವಿಧಾನಸೌಧದಲ್ಲಿ ಯಾರ ಕುರ್ಚಿ ಅಲ್ಲಾಡುತ್ತಿದೆ ಎಂಬುದು ಸಿಡ್ನಿಯ ಬಡಾವಣೆ ದಿ ಪಾಂಡ್ಸ್‌ನ ಡೈನಿಂಗ್ ಟೇಬಲ್ಲಿಗೆ ಚೆನ್ನಾಗಿ ಗೊತ್ತು. ಅದೇ ಟೇಬಲ್ಲಿನಲ್ಲಿ ನಿಮ್ಮ ವಾರ್ಡಿನ ಕೌನ್ಸಿಲರ್ ಯಾರು ಎಂದು ಕೇಳಿ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಇನ್ನೊಂದು ಸೌಟು ಬಿಸಿಬೇಳೆಭಾತ್ ಬಡಿಸುತ್ತಾರೆ. ಮತ ಹಾಕಿರುತ್ತಾರೆ, ಹಾಕದಿದ್ದರೆ ದಂಡ ಬೀಳುತ್ತದಲ್ಲ. ಯಾರಿಗೆ ಹಾಕಿದಿರಿ ಎಂದರೆ, ಮತಗಟ್ಟೆಯ ಗೇಟಿನ ಹತ್ತಿರ ನಗುತ್ತಾ ಕಾಗದ ಕೊಟ್ಟವರಿಗೆ.

ಇಂಥ ಜನರ ನಡುವೆ ಅಕ್ಕು ಎಂಬವರು ಬಂದು ಸೇರಿದ್ದಾರೆ. ವಯಸ್ಸು ಎಪ್ಪತ್ತರ ಆಸುಪಾಸು. ಹುಟ್ಟಿದ್ದು ಕಾಪುವಿನ ಹತ್ತಿರ, ಮನೆಮಾತು ತುಳು. ಗಂಡ ಕರುಣಾಕರ ನಿವೃತ್ತ ಗಣಿತದ ಮೇಷ್ಟ್ರು. ಮಗಳು ಸುಪ್ರೀತಾ ದಿ ಪಾಂಡ್ಸ್‌ನಲ್ಲಿ ಮನೆ ಮಾಡಿದ್ದಾಳೆ, ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಮಗ ಮನೀಷ್ ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿದ್ದಾನೆ. ಗಂಡ ಹೆಂಡತಿ ಹೆಚ್ಚಾಗಿ ಸಿಡ್ನಿಯಲ್ಲೇ ಇರುತ್ತಾರೆ. ಅಕ್ಕುವಿಗೆ ದೊಡ್ಡ ಓದಿಲ್ಲ, ಸಣ್ಣ ಸ್ವರವೂ ಇಲ್ಲ. ಅಡುಗೆ ಸಾಧಾರಣ. ಮೀನು ಸಾರು ಮಾತ್ರ ಚೆನ್ನಾಗಿ ಮಾಡುತ್ತಾರೆ, ಹಾಗೆಂದು ಅವರೇ ಹೇಳುತ್ತಾರೆ.

ಅವರು ಇಲ್ಲಿಗೆ ಬಂದದ್ದು ಊರಿನಿಂದಲ್ಲ, ಆಫ್ರಿಕಾದಿಂದ. ನಮ್ಮ ಕನ್ನಡ ಬಳಗದ ಹೆಂಗಸರಿಗೆ ಅದು ಗೊತ್ತಾದ ದಿನ ಒಬ್ಬರು, "ಅಯ್ಯೋ, ಆಫ್ರಿಕಾದಲ್ಲಿ ಇದ್ರಾ ಆಂಟಿ? ಪಾಪ" ಅಂದರು.

"ಪಾಪ ಎಂತ ಮಾರಾಯ್ತಿ, ನಾನು ಅಲ್ಲಿ ಜೈಲಲ್ಲಿ ಇರ್ಲಿಲ್ಲ," ಎಂದರು ಅಕ್ಕು.

ಹಾಗಿದ್ದರೆ ಅವರು ಎಲ್ಲಿದ್ದರು, ಹೇಳುತ್ತೇನೆ ಕೇಳಿ. ಆ "ಪಾಪ" ಎಂಬ ಮಾತು ಎಷ್ಟು ದಡ್ಡ ಮಾತು ಎಂದು ತಿಳಿಯಬೇಕಾದರೆ ಕೇಳಲೇಬೇಕು.

ದಕ್ಷಿಣ ಆಫ್ರಿಕಾದ ಪೂರ್ವ ತುದಿಯಲ್ಲಿ, ಗುಡ್ಡಗಳ ನಡುವೆ, ಲುಖಾಲ್ವೇನಿ ಎಂಬ ಮುನಿಸಿಪಾಲಿಟಿ. ಮುನಿಸಿಪಾಲಿಟಿ ಎಂದ ತಕ್ಷಣ ಪಟ್ಟಣ ಎಂದುಕೊಳ್ಳಬೇಡಿ. ಅಲ್ಲಿ ಹಳ್ಳಿ, ಹುಲ್ಲುಗಾವಲು, ಕುರಿಮಂದೆ, ಅರ್ಧಕ್ಕೆ ನೀಲಿ ಬಳಿದ ದುಂಡನೆಯ ಮನೆಗಳು ಎಲ್ಲ ಸೇರಿ ಒಂದು ಮುನಿಸಿಪಾಲಿಟಿ. ಅದರ ಕಚೇರಿ ಇರುವ ಪೇಟೆ ಅಂದರೆ ಒಂದು ಬೀದಿ, ಒಂದು ಪೆಟ್ರೋಲ್ ಬಂಕ್, ಶವಪೆಟ್ಟಿಗೆಯನ್ನೂ ಸೋಫಾವನ್ನೂ ಅಕ್ಕಪಕ್ಕ ಇಟ್ಟು ಮಾರುವ ಒಂದು ಅಂಗಡಿ. ಅಲ್ಲಿಂದ ಮುಂದೆ ಡಾಂಬರು ಇಲ್ಲ. ಹಳ್ಳಿಯ ಹೈಸ್ಕೂಲಿಗೆ ಗಣಿತ ಕಲಿಸುವವರು ಬೇಕಾಗಿದ್ದರು, ಕರುಣಾಕರ ಹೋದರು. ಆಮೇಲೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅಕ್ಕುವೂ ಹೋದರು. ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ದಿನವಾಗಿತ್ತಷ್ಟೆ.

ಜನ ಕರುಣಾಕರರನ್ನು "ಟಿಶಾಲ" ಅಂದರು, ಹಾಗೆಂದರೆ ಮೇಷ್ಟ್ರು. ಅಕ್ಕುವಿನ ಹೆಸರು ಕೇಳಿದವರು ಮಾತ್ರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಯಾಕೆಂದು ಗೊತ್ತಾಗಲು ಅಕ್ಕುವಿಗೆ ವಾರಗಳೇ ಹಿಡಿದವು. ಅಲ್ಲಿಯ ಭಾಷೆಯಲ್ಲಿ "ಅಕುಖೊ ಮಾಂಝಿ" ಅಂದರೆ ನೀರಿಲ್ಲ. ಆ ಹಳ್ಳಿಯಲ್ಲಿ ದಿನ ಬೆಳಗಾದರೆ ಹೇಳುವ ಮಾತು ಅದೇ. ಎಲ್ಲಿಂದಲೋ ಬಂದ ಹೆಂಗಸೊಬ್ಬಳು ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತು "ನನ್ನ ಹೆಸರು ಅಕ್ಕು" ಎಂದರೆ, "ನನ್ನ ಹೆಸರು ಇಲ್ಲ" ಎಂದ ಹಾಗೆ. ನಲ್ಲಿಯೂ ಅದನ್ನೇ ಹೇಳುತ್ತಿತ್ತು.

ನೀರಿಗಾಗಿ ಸಭೆ ಕರೆದರು. ಶಾಲೆಯ ಮುಂದಿನ ಬಯಲಿನಲ್ಲಿ ಸಭೆ. ಕೆಲವರು ನೆಲದ ಮೇಲೆ ಚಾಪೆ ಹಾಸಿಕೊಂಡರು. ಕೆಲವು ಹೆಂಗಸರು ಮನೆಯಿಂದ ಪ್ಲಾಸ್ಟಿಕ್ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ತಂದರು. ಆ ಊರಲ್ಲಿ ಇದಕ್ಕೊಂದು ಅರ್ಥವಿತ್ತು. ಚಾಪೆ ತಂದವರು ಕೇಳಿಸಿಕೊಂಡು ಹೋಗಲು ಬಂದವರು. ಕುರ್ಚಿ ತಂದವರು ಉತ್ತರ ಸಿಗುವ ತನಕ ಏಳುವುದಿಲ್ಲ. ಕುರ್ಚಿಗಳು ಎಷ್ಟು ಬಂದಿವೆ ಎಂದು ನೋಡಿಯೇ ಕೌನ್ಸಿಲರ್ ಬೆವರು ಒರೆಸಿಕೊಳ್ಳುತ್ತಿದ್ದ.

ಮಾತಿಗೂ ಒಂದು ಕ್ರಮವಿತ್ತು. ಯಾರೇ ಎದ್ದರೂ ಮೊದಲು ವಂದನೆ. ಅಧ್ಯಕ್ಷರಿಗೆ, ಊರ ಮುಖ್ಯಸ್ಥನಿಗೆ, ತಾಯಂದಿರಿಗೆ, ಯುವಕರಿಗೆ, ಕಾಯಿಲೆ ಬಿದ್ದು ಮನೆಯಲ್ಲಿ ಮಲಗಿರುವವರಿಗೆ, ಇದೇ ಬಯಲಿನಲ್ಲಿ ಹಿಂದೊಮ್ಮೆ ಮಾತಾಡಿ ಈಗ ಮಣ್ಣಲ್ಲಿರುವವರಿಗೆ. ಆಮೇಲೆ ವಿಷಯ. ಮಧ್ಯೆ ಬಾಯಿ ಹಾಕುವವರಿಲ್ಲ. ಓದಿದವನಿಗೂ ಕುರಿ ಕಾಯುವವನಿಗೂ ಒಂದೇ ಅಳತೆ: ಮುಗಿಯುವ ತನಕ.

ಮುನಿಸಿಪಾಲಿಟಿಯಿಂದ ನೀರಿನ ಅಧಿಕಾರಿ ಬಂದಿದ್ದ. ಲುಂಗಿಲೆ ಎಂದು ಹೆಸರು. "ಲುಂಗಿ ಇಲ್ಲೆ ಅಂತ ಹೆಸ್ರಲ್ಲೇ ಹೇಳ್ತಾನೆ ನೋಡು, ಅದಕ್ಕೇ ಪ್ಯಾಂಟ್ ಹಾಕಿದ್ದಾನೆ," ಎಂದು ಕರುಣಾಕರ ಹೆಂಡತಿಯ ಕಿವಿಯಲ್ಲಿ ಹೇಳಿದರು. ಲುಂಗಿಲೆ ಎಲ್ಲವನ್ನೂ ಕೇಳಿ, ಎದ್ದು, ವಂದನೆಗಳನ್ನೆಲ್ಲ ಮುಗಿಸಿ, "ಸಿಝಾ ಕುಯಿಜೊಂಗ" ಎಂದು ಕೂತ. ನೋಡೋಣ ಎಂದು ಅರ್ಥ.

ನಾವಾಗಿದ್ದರೆ ಅಲ್ಲಿಗೆ ಕೈಮುಗಿದು ಮನೆಗೆ ಹೋಗುತ್ತಿದ್ದೆವು. ಅಲ್ಲಿ ಸಭೆಯ ನಡುವೆ ಕುರ್ಚಿ ಹಾಕಿಕೊಂಡಿದ್ದ ಒಬ್ಬ ಹೆಂಗಸು ಬಾಯಿಂದ ಉದ್ದನೆಯ ಪೈಪ್ ತೆಗೆದರು. ಅವರನ್ನು ಊರೆಲ್ಲ ಕುಲದ ಹೆಸರು ಹಿಡಿದು ಮಾಬೇಲೆ ಎನ್ನುತ್ತಿತ್ತು. ಪೈಪನ್ನೇ ಮುಂದೆ ಚಾಚಿ ಕೇಳಿದರು.

"ಗುಬಾನಿ? ನೀನಿ?"

ಯಾರು? ಯಾವತ್ತು? ಅಷ್ಟೇ ಪ್ರಶ್ನೆ. ನೋಡುವುದಾದರೆ ಯಾರು ನೋಡುತ್ತೀರಿ, ಯಾವತ್ತು ನೋಡುತ್ತೀರಿ.

ಆದರೆ ಪೈಪ್ ಚಾಚಿದ ದಿಕ್ಕಿನಲ್ಲಿ ಲುಂಗಿಲೆಯ ಹಿಂದೆಯೇ ಅಕ್ಕು ನಿಂತಿದ್ದರು. ಅವರು ಬಂದು ಇನ್ನೂ ವರ್ಷವಾಗಿರಲಿಲ್ಲ. "ಗುಬಾನಿ" ಅಂದರೆ ಯಾರು ಎಂಬುದು ಗೊತ್ತಿತ್ತು. "ನೀನಿ" ಗೊತ್ತಿರಲಿಲ್ಲ. ಕನ್ನಡದ ಕಿವಿಗೆ ಅದು ನೇರವಾಗಿ "ನೀನೇ?" ಎಂದು ಬಿತ್ತು. ಯಾರು, ನೀನೇ? ನೀರಿಲ್ಲ ಎಂದು ಹೆಸರಿಟ್ಟುಕೊಂಡವಳು ನೀನೇ ಏನು ಎಂದು ಕೇಳುತ್ತಿದ್ದಾರೆ ಎಂದುಕೊಂಡ ಅಕ್ಕು, ತಲೆ ಎತ್ತಿ, ಗೊತ್ತಿದ್ದ ನಾಲ್ಕು ಮಾತುಗಳಲ್ಲಿ ಒಂದನ್ನು ಆರಿಸಿ ಜೋರಾಗಿ ಹೇಳಿದರು.

"ಏವೆ." ಹೌದು.

ಬಯಲೆಲ್ಲ ಬಿದ್ದು ಬಿದ್ದು ನಕ್ಕಿತು. ಲುಂಗಿಲೆಯೂ ನಕ್ಕ, ತಾನು ಪಾರಾದೆ ಎಂದು. ಮಾಬೇಲೆ ನಗಲಿಲ್ಲ. "ಸರಿ, ಟಿಶಾಲನ ಹೆಂಡತಿ ಒಪ್ಪಿಕೊಂಡಿದ್ದಾಳೆ. ನೀರಿನ ಕಮಿಟಿಗೆ ಇವಳೂ ಒಬ್ಬಳು. ಈಗ ನೀನು ಹೇಳು, ಲುಂಗಿಲೆ. ಯಾವತ್ತು?"

"ಗುರುವಾರ," ಎಂದ ಲುಂಗಿಲೆ.

ಹೀಗೆ ಅಕ್ಕು ಸಾರ್ವಜನಿಕ ಜೀವನಕ್ಕೆ ಬಂದರು. ಚುನಾವಣೆಗೆ ನಿಂತು ಅಲ್ಲ, ತಪ್ಪು ಕೇಳಿಸಿಕೊಂಡು.

ಗುರುವಾರ ಲುಂಗಿಲೆ ಬರಲಿಲ್ಲ. ಶುಕ್ರವಾರ ಮಾಬೇಲೆ ಮತ್ತು ಹೆಂಗಸರು ಕುರ್ಚಿಗಳನ್ನು ವ್ಯಾನಿನ ಮೇಲೆ ಕಟ್ಟಿಸಿಕೊಂಡು ಪೇಟೆಗೆ ಹೊರಟರು. ಅಕ್ಕು ತಮ್ಮ ಅಡುಗೆಮನೆಯ ಕುರ್ಚಿಯನ್ನು ಅದರ ಮೇಲೇರಿಸಿದರು. ಮುನಿಸಿಪಾಲಿಟಿ ಕಚೇರಿಯ ಜಗುಲಿಯಲ್ಲಿ ಸಾಲಾಗಿ ಕುರ್ಚಿ ಹಾಕಿ ಕೂತರು. ಕೂಗಲಿಲ್ಲ. ಒಬ್ಬರು ಸ್ವೆಟರ್ ಹೆಣೆದರು, ಒಬ್ಬರು ಮಗುವಿಗೆ ಹಾಲೂಡಿಸಿದರು, ನಾಲ್ಕೈದು ಜನ ಮೆಲ್ಲಗೆ ಚರ್ಚಿನ ಹಾಡು ಹೇಳಿದರು. ಒಳಗೆ ಬರುವ ನೌಕರರು "ಮಾಮಾ, ದಾರಿ ಬಿಡಿ" ಎಂದು ಬಾಗಿ ಬಾಗಿ ಹೋಗಬೇಕಾಯಿತು; ಅಲ್ಲಿ ಮಾಮಾ ಅಂದರೆ ಅಮ್ಮ. ಕೊನೆಗೆ ಲುಂಗಿಲೆ ಹೊರಗೆ ಬಂದ. ಬರುವಾಗ ಕೈಯಲ್ಲಿ ತನ್ನದೊಂದು ಕುರ್ಚಿ ಹಿಡಿದಿದ್ದ. ಹೆಂಗಸರ ಸಾಲಿನ ತುದಿಯಲ್ಲಿ ಅದನ್ನು ಹಾಕಿಕೊಂಡು ಕೂತು, "ಪಂಪಿನ ಡೀಸೆಲ್ಲಿಗೆ ಮ್ಯಾನೇಜರ್ ಸಹಿ ಹಾಕಿಲ್ಲ. ನಾನೂ ನಿಮ್ಮ ಜೊತೆ ಇಲ್ಲೇ ಕೂರುತ್ತೇನೆ," ಎಂದ. ತನ್ನ ನೌಕರನೇ ಜನರ ಸಾಲಿನಲ್ಲಿ ಕೂತದ್ದನ್ನು ಕಿಟಕಿಯಿಂದ ಕಂಡ ಮ್ಯಾನೇಜರ್ ಸಹಿ ಹಾಕಿದ. ಮುಂದಿನ ವಾರ ನಲ್ಲಿಯಲ್ಲಿ ನೀರು ಬಂತು.

ಇದನ್ನು ಕೇಳಿ ಲುಖಾಲ್ವೇನಿ ಸ್ವರ್ಗ ಎಂದುಕೊಳ್ಳಬೇಡಿ. ಪಂಪ್ ಮತ್ತೆ ಕೆಟ್ಟಿತು. ಸೇತುವೆಗಾಗಿ ಕೂತವರು ವರ್ಷಗಟ್ಟಲೆ ಕೂತರು. ಕೌನ್ಸಿಲರ್‌ಗಳಲ್ಲಿ ಕಳ್ಳರಿದ್ದರು, ಮಾವನ ಮಗನಿಗೆ ಟೆಂಡರ್ ಕೊಡಿಸಿದವನೂ ಇದ್ದ. ನಮ್ಮ ಕಡೆ ಇರುವ ಎಲ್ಲ ರೋಗಗಳೂ ಅಲ್ಲಿದ್ದವು. ಒಂದು ಮಾತ್ರ ಇರಲಿಲ್ಲ. ಕೌನ್ಸಿಲ್ ಅಂದರೆ ಬೇರೆ ಯಾರದ್ದೋ ಎಂಬ ಭಾವನೆ ಇರಲಿಲ್ಲ. ಬೈಯುವಾಗಲೂ ನಮ್ಮ ಮುನಿಸಿಪಾಲಿಟಿ ಎಂದು ಬೈಯುತ್ತಿದ್ದರು. ಇಪ್ಪತ್ತು ವರ್ಷದ ಹತ್ತಿರ ಅಕ್ಕು ಆ ಬೈಗುಳದಲ್ಲಿ ಪಾಲುದಾರರಾಗಿದ್ದರು. ಮಗಳಿಗೆ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಪಿಆರ್ ಆಗಿ, ಮಗು ಹುಟ್ಟಿ, ಅಪ್ಪ ಅಮ್ಮ ಬನ್ನಿ ಎಂದಾಗ ಕುರ್ಚಿಯನ್ನು ಮಾಬೇಲೆಗೆ ಕೊಟ್ಟು ಬಂದರು.

ಈಗ ದಿ ಪಾಂಡ್ಸ್‌ಗೆ ಬನ್ನಿ. ಡಾಂಬರು ಇದೆ. ನಲ್ಲಿ ತಿರುಗಿಸಿದರೆ ಬಿಸಿನೀರು, ತಣ್ಣೀರು ಎರಡೂ ಬರುತ್ತವೆ. ಆದರೂ ಅಕ್ಕುವಿನ ಪಕ್ಕದ ಬೀದಿಯಲ್ಲಿ ಒಬ್ಬ ಹೆಂಗಸು ಮನೆಯೊಳಗೇ ಕೂತುಬಿಟ್ಟಿದ್ದರು. ಅವರ ಹೆಸರು ಅನುಸೂಯ, ಮೈಸೂರಿನವರು. ಗಂಡ ಲಕ್ಷ್ಮೀನಾರಾಯಣ ನಿವೃತ್ತ ಇಂಜಿನಿಯರ್. ಮಗ ಸಮೀರ್, ಸೊಸೆ ಶಾಲಿನಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಯಾವುದಕ್ಕೂ ಕೊರತೆ ಇಲ್ಲ. ಆದರೆ ಅನುಸೂಯರ ಮಂಡಿ ಹೋಗಿದೆ. ಮನೆಯಿಂದ ಅಂಗಡಿಗೆ ಹೋಗುವ ದಾರಿ ಉದ್ದನೆಯ ಏರು. ಅರ್ಧ ದಾರಿಯಲ್ಲಿ ಒಂದು ತಿರುವು. ಅಲ್ಲಿಯವರೆಗೆ ಅವರು ನಡೆಯಬಲ್ಲರು. ಅಲ್ಲಿ ಸ್ವಲ್ಪ ಕೂತರೆ ಮುಂದಕ್ಕೂ ನಡೆಯಬಲ್ಲರು. ಕೂರಲು ಅಲ್ಲಿ ಏನೂ ಇಲ್ಲ. ಸಮೀರ್ ಸೀಟ್ ಇರುವ ವಾಕರ್ ತಂದುಕೊಟ್ಟ. ವಾಪಸ್ ಬರುವ ಇಳಿಜಾರಿನಲ್ಲಿ ಅದು ಅವರಿಗಿಂತ ಮುಂದೆ ಓಡಿತು. ಹೆದರಿ ಗರಾಜಿಗೆ ತಳ್ಳಿದವರು ಮತ್ತೆ ಮುಟ್ಟಲಿಲ್ಲ. ಆಮೇಲೆ ಹೊರಗೆ ಹೋಗುವುದನ್ನೇ ಬಿಟ್ಟರು.

"ಸಮೀರ ಎಲ್ಲ ಆನ್‌ಲೈನ್ ತರಿಸ್ತಾನೆ," ಎಂದು ಅನುಸೂಯ ಒಂದು ದಿನ ಅಕ್ಕುವಿಗೆ ಹೇಳಿದರು. "ಒಳ್ಳೆ ಮಗ. ಆದ್ರೆ ನಂಗೆ ಕೊತ್ತಂಬರಿ ಸೊಪ್ಪು ಮೂಸಿ ನೋಡಿ ತಗೋಬೇಕು ಕಣ್ರೀ. ಫೋನಲ್ಲಿ ಮೂಸೋಕಾಗತ್ತಾ?"

"ಭಾನುವಾರ ಕಾರಲ್ಲಿ ಕರ್ಕೊಂಡು ಹೋಗ್ತೀನಿ ಅಂದ್ನಲ್ಲ ಅವ್ನು," ಎಂದರು ಲಕ್ಷ್ಮೀನಾರಾಯಣ, ಪತ್ರಿಕೆಯಿಂದ ತಲೆ ಎತ್ತದೆ.

"ನನ್ನ ಕೊತ್ತಂಬರಿಗೆ ಭಾನುವಾರ ಯಾಕೆ ಕಾಯ್ಬೇಕು ನಾನು?"

ಮಾತು ಇಷ್ಟೇ. ಯಾರೂ ಯಾರಿಗೂ ಅನ್ಯಾಯ ಮಾಡಿಲ್ಲ. ಆದರೆ ಒಬ್ಬ ಹೆಂಗಸು ತನ್ನ ಕಾಲ ಮೇಲೆ ಅಂಗಡಿಗೆ ಹೋಗುವುದು ನಿಂತರೆ, ಆಮೇಲೆ ಗೇಟಿಗೆ ಹೋಗುವುದು ನಿಲ್ಲುತ್ತದೆ, ಆಮೇಲೆ ಸೀರೆ ಬದಲಿಸುವುದು ನಿಲ್ಲುತ್ತದೆ. ಅನುಸೂಯ ಆಗಲೇ ದಿನವಿಡೀ ನೈಟಿಯಲ್ಲಿ ಇರುವುದಕ್ಕೆ ಶುರು ಮಾಡಿದ್ದರು. ಅಕ್ಕುವಿಗೆ ಕಂಡದ್ದು ಅದು.

ಯುಗಾದಿ ಊಟದ ದಿನ ಅಕ್ಕು ಬಳಗದ ಮುಂದೆ ವಿಷಯ ಇಟ್ಟರು. ತಿರುವಿನಲ್ಲಿ ಒಂದು ಬೆಂಚು ಬೇಕು. ಬಳಗದ ವಾಟ್ಸಾಪ್ ಗುಂಪು ನೋಡಿಕೊಳ್ಳುವ ಆದರ್ಶ್ ಒಬ್ಬಟ್ಟು ಮುರಿಯುತ್ತಾ, "ಸೂಪರ್ ಐಡಿಯಾ ಆಂಟಿ. ನೋಡೋಣ" ಅಂದ.

"ಯಾರು? ಯಾವತ್ತು?"

"ಅಂದ್ರೆ?"

"ನೋಡೋಣ ಅಂದ್ಯಲ್ಲ. ಯಾರು ನೋಡೋದು? ಯಾವತ್ತು ನೋಡೋದು?"

"ಅಯ್ಯೋ ಆಂಟಿ, ಅದು ಹಾಗೇ ಒಂದು ಮಾತು."

"ಗೊತ್ತುಂಟು. ನೀವು ಬೆಂಗಳೂರಿನವರು ನೋಡೋಣ ಅಂತೀರಿ, ನಮ್ಮಲ್ಲಿ ನೋಡುವ ಅಂತೇವೆ. ಎರಡಕ್ಕೂ ಅರ್ಥ ಒಂದೇ, ಆಗುದಿಲ್ಲ ಅಂತ. ಒಬ್ಬಟ್ಟು ತಿನ್ನು."

ಆದರ್ಶ್ ಆ ಸಂಜೆಯೇ ಗುಂಪಿನಲ್ಲಿ ಹಾಕಿದ. ಮೂವತ್ತು ಹೆಬ್ಬೆರಳುಗಳು ಬಂದವು, ಕೈಮುಗಿದ ಚಿತ್ರಗಳು ಬಂದವು. ಲಕ್ಷ್ಮೀನಾರಾಯಣ ಬೆಂಚಿನ ಎತ್ತರ, ಅಗಲ, ಇಳಿಜಾರಿನ ಕೋನ ಎಲ್ಲ ಹಾಕಿ ಒಂದು ಅಂದವಾದ ನಕ್ಷೆ ಬರೆದರು. ಬೆಂಚು ಮಾತ್ರ ನಕ್ಷೆಯಲ್ಲೇ ಉಳಿಯಿತು. ಆಗ ಅಕ್ಕು ಮೊಮ್ಮಗಳು ಸಾನ್ವಿಯನ್ನು ಕೂರಿಸಿಕೊಂಡು ಕೌನ್ಸಿಲ್ ಸಭೆ ಯಾವಾಗ ಎಂದು ಹುಡುಕಿಸಿದರು. ಸಾರ್ವಜನಿಕರು ಮಾತಾಡಬಹುದು ಎಂದಿತ್ತು. ಹೆಸರು ಕೊಡಿಸಿದರು.

ಸಭೆಯ ಸಂಜೆ ಸುಪ್ರೀತಾ ಕಾರು ತೆಗೆದರೆ ಅಮ್ಮ ಮಡಚುವ ಕುರ್ಚಿಯೊಂದನ್ನು ಡಿಕ್ಕಿಗೆ ಹಾಕುತ್ತಿದ್ದರು.

"ಅಮ್ಮಾ, ಅಲ್ಲಿ ಕುರ್ಚಿ ಇರ್ತದೆ."

"ಇರ್ಲಿ. ಅದು ಅವರದ್ದು."

"ಅಜ್ಜಿ, ದಿಸ್ ಈಸ್ ಸೋ ಎಂಬ್ಯಾರಸಿಂಗ್," ಎಂದಳು ಸಾನ್ವಿ ಹಿಂದಿನ ಸೀಟಿನಿಂದ.

"ನಿಂಗೆ ಎಂಬ್ಯಾರಸ್ ಆದ್ರೆ ಕಣ್ಣು ಮುಚ್ಚು, ಚಿನ್ನ."

ಬೆಂಬಲಕ್ಕೆಂದು ನಮ್ಮವರು ಏಳೆಂಟು ಜನ ಬಂದಿದ್ದರು, ಲಕ್ಷ್ಮೀನಾರಾಯಣ ಮತ್ತು ಆದರ್ಶ್ ಕೂಡ. ಬಂದದ್ದಕ್ಕೆ ಅವರನ್ನು ಮೆಚ್ಚಬೇಕು. ಬಾಗಿಲಿನ ಕಾವಲಿನವನು ಅಕ್ಕುವಿನ ಕುರ್ಚಿ ನೋಡಿ, ಒಳಗೆ ಬೇಕಾದಷ್ಟು ಇವೆ ಎಂದ. ಅಕ್ಕು ಥ್ಯಾಂಕ್ಯೂ ಎಂದು ತಮ್ಮದನ್ನು ಹೊತ್ತುಕೊಂಡೇ ಒಳಗೆ ಹೋದರು.

ಅವರ ಸರದಿ ಬಂತು. ಒಬ್ಬರಿಗೆ ಮೂರು ನಿಮಿಷ ಎಂದು ಮೊದಲೇ ಹೇಳಿದ್ದರು. ಅಕ್ಕು ಅದನ್ನು ಕೇಳಿಸಿಕೊಂಡರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಮೈಕಿನ ಮುಂದೆ ನಿಂತು, ಲುಖಾಲ್ವೇನಿಯಲ್ಲಿ ಕಲಿತ ಹಾಗೆ, ವಂದನೆ ಶುರು ಮಾಡಿದರು. ಮೇಯರ್‌ಗೆ ವಂದನೆ. ಮೇಜಿನ ಮೇಲಿನ ಹೆಸರಿನ ಫಲಕಗಳನ್ನು ಓದುತ್ತಾ ಒಬ್ಬೊಬ್ಬ ಕೌನ್ಸಿಲರ್‌ಗೆ ವಂದನೆ. ಈ ನೆಲದ ಮೂಲ ಜನರಿಗೆ, ಅವರ ಹಿರಿಯರಿಗೆ. ಹಿಂದೆ ಕೂತಿರುವ ತಾಯಂದಿರಿಗೆ. ಚಹಾ ಇಟ್ಟವರಿಗೆ. ಕುರ್ಚಿ ಒಳಗೆ ಬಿಟ್ಟ ಬಾಗಿಲಿನವನಿಗೆ. ಮಂಡಿನೋವಿನಿಂದ ಮನೆಯಲ್ಲೇ ಇರುವವರಿಗೆ. ಅವರ ಇಂಗ್ಲಿಷಿನಲ್ಲಿ ಕಾಪುವೂ ಇತ್ತು, ಆಫ್ರಿಕಾವೂ ಇತ್ತು, ಅವಸರ ಮಾತ್ರ ಇರಲಿಲ್ಲ. ಈ ಸಭೆಯಲ್ಲಿ ಹಿಂದೆ ಮಾತಾಡಿ ಈಗ ತೀರಿಕೊಂಡವರಿಗೆ ವಂದನೆ ಹೇಳುವಾಗ ಗಂಟೆ ಹೊಡೆಯಿತು.

"ಥ್ಯಾಂಕ್ಯೂ, ಸಮಯ ಮುಗಿಯಿತು. ಇದನ್ನು ಪರಿಶೀಲನೆಗೆ ತೆಗೆದುಕೊಳ್ಳುತ್ತೇವೆ," ಎಂದರು ಮೇಯರ್ ಇಂಗ್ಲಿಷಿನಲ್ಲಿ.

ಸುಪ್ರೀತಾ ಹಣೆಗೆ ಕೈ ಇಟ್ಟುಕೊಂಡಳು. ಲಕ್ಷ್ಮೀನಾರಾಯಣ ಹಿಂದಿನ ಸಾಲಿನಿಂದ ಎದ್ದರು. "ಆಯ್ತಲ್ಲ, ನೋಡೋಣ ಅಂದ್ರು. ನಡೀರಿ, ಟ್ರಾಫಿಕ್ ಆಗತ್ತೆ." ನಮ್ಮವರು ಒಬ್ಬೊಬ್ಬರಾಗಿ ಏಳತೊಡಗಿದರು. ಇಲ್ಲಿದೆ ನೋಡಿ ನಮ್ಮ ಕಾಯಿಲೆ. ಯಾವ ದೇಶಕ್ಕೆ ಹೋದರೂ, ಯಾವ ಭಾಷೆಯಲ್ಲಿ ಹೇಳಿದರೂ ನಮ್ಮ ಕಿವಿಗೆ ಅದು "ನೋಡೋಣ" ಎಂದೇ ಕೇಳಿಸುತ್ತದೆ. ಕೇಳಿಸಿದ ಮೇಲೆ ನಾವೇ ಅದನ್ನು "ಇಲ್ಲ" ಮಾಡಿಕೊಂಡು, ಅವರ ಕೆಲಸ ಹಗುರ ಮಾಡಿ, ಚಪ್ಪಲಿ ಹುಡುಕುತ್ತೇವೆ.

ಅಕ್ಕು ಮೈಕ್ ಬಿಡಲಿಲ್ಲ. "ಮೇಡಂ, ಪರಿಶೀಲನೆಗೆ ಏನನ್ನು ತೆಗೆದುಕೊಳ್ಳುತ್ತೀರಿ? ನಾನಿನ್ನೂ ವಿಷಯವೇ ಹೇಳಿಲ್ಲ."

ಸಭೆ ನಕ್ಕಿತು. ಮೇಯರ್ ಕೂಡ ನಕ್ಕರು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದ ಟ್ರೇಸಿ ಎಂಬ ಕೌನ್ಸಿಲರ್ ಮುಂದಕ್ಕೆ ಬಾಗಿ, "ಏನದು, ಹೇಳಿಬಿಡಿ" ಎಂದರು.

"ಒಂದು ಬೆಂಚು. ಏರು ದಾರಿಯ ತಿರುವಿನಲ್ಲಿ."

"ನೋಡುತ್ತೇವೆ," ಎಂದರು ಮೇಯರ್.

"ಯಾರು? ಯಾವತ್ತು?"

ಅಷ್ಟು ಹೇಳಿ ಅಕ್ಕು ತಮ್ಮ ಕುರ್ಚಿ ಬಿಡಿಸಿ, ಮೈಕಿನ ಪಕ್ಕದಲ್ಲೇ ಹಾಕಿಕೊಂಡು ಕೂತರು. ಕಾವಲಿನವನು ಮೇಯರ್ ಮುಖ ನೋಡಿದ. ಮೇಯರ್ ಟ್ರೇಸಿಯ ಮುಖ ನೋಡಿದರು. ಟ್ರೇಸಿ ಕನ್ನಡಕ ಇಳಿಸಿ ಫೋನ್ ತೆರೆದರು. "ನಾನೇ. ಶನಿವಾರ ಬೆಳಿಗ್ಗೆ."

ಶನಿವಾರ ಬೆಳಿಗ್ಗೆ ತಿರುವಿನಲ್ಲಿ ಅಕ್ಕು ಕುರ್ಚಿ ಹಾಕಿದರು. ಅನುಸೂಯ ಸೀರೆ ಉಟ್ಟು ಬಂದರು. ಎಷ್ಟೋ ತಿಂಗಳ ಮೇಲೆ ಅವರು ಇಷ್ಟು ದೂರ ನಡೆದದ್ದು. ಬಂದವರೇ ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಂಡರು. ಲಕ್ಷ್ಮೀನಾರಾಯಣ, ಆದರ್ಶ್, ಇನ್ನಿಬ್ಬರು ನಿಂತು ಕಾದರು. ಟ್ರೇಸಿ ಬರಲಿಲ್ಲ. ಬಿಸಿಲೇರಿತು.

"ಬರಲ್ಲ ಕಣ್ರೀ. ಪಾಲಿಟಿಷಿಯನ್ ಎಲ್ಲಿದ್ರೂ ಪಾಲಿಟಿಷಿಯನ್ನೇ," ಎಂದು ಲಕ್ಷ್ಮೀನಾರಾಯಣ ಹೊರಟರು. "ಅನೂ, ಬಾ."

"ನೀವು ಹೋಗಿ. ನಾನು ಈಗಷ್ಟೇ ಕೂತಿದೀನಿ," ಎಂದರು ಅನುಸೂಯ.

ಎಲ್ಲರೂ ಹೋದರು. ಇಬ್ಬರು ಹೆಂಗಸರು ಉಳಿದರು, ಸರದಿಯ ಮೇಲೆ ಕೂತರು. ತಿರುವಿನ ಮನೆಯ ಮರಿಯಾ ಎಂಬ ಫಿಲಿಪಿನೋ ಅಜ್ಜಿ ಗೇಟು ತೆಗೆದು ಬಂದು, ನನಗೂ ಇಲ್ಲಿ ಉಸಿರು ಕಟ್ಟುತ್ತದೆ ಎಂದು ತನ್ನ ಸೊಂಟದ ಕಥೆ ಹೇಳಿದರು. ಪಂಜಾಬಿ ಅಜ್ಜನೊಬ್ಬರು ಸಂಚಿ ಕೆಳಗಿಟ್ಟು, ಹಿಂದಿಯಲ್ಲಿ ತಮ್ಮ ಹೃದಯದ ಕಥೆ ಹೇಳಿದರು. ಆ ತಿರುವಿನಲ್ಲಿ ಎಷ್ಟು ಜನ ಒಬ್ಬೊಬ್ಬರೇ ಬೇಲಿ ಹಿಡಿದು ನಿಂತು ಹೋಗುತ್ತಿದ್ದರೋ, ಒಬ್ಬರದ್ದು ಒಬ್ಬರಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕಾರೊಂದು ನಿಂತಿತು. ಟ್ರೇಸಿ ಇಳಿದರು, ಮಗನ ಫುಟ್‌ಬಾಲ್ ಆಟ ತಡವಾಯಿತು, ಕ್ಷಮಿಸಿ ಎಂದರು. ಆಮೇಲೆ ಡಿಕ್ಕಿ ತೆಗೆದು, ಮೈದಾನದಲ್ಲಿ ಹಾಕಿಕೊಳ್ಳುವ ಮಡಚುವ ಕುರ್ಚಿಯನ್ನು ತಂದು ಅಕ್ಕುವಿನ ಕುರ್ಚಿಯ ಪಕ್ಕದಲ್ಲಿ ಹಾಕಿಕೊಂಡು ಕೂತರು. ಅಕ್ಕು ಆ ಕುರ್ಚಿಯನ್ನು ನೋಡಿದರು. ಮನೆಗೆ ಹೋಗಿ ಗಂಡನಿಗೆ ಹೇಳಿದ್ದು ಒಂದೇ ಮಾತು: "ಲುಂಗಿಲೆ ಬಂದಿದ್ದ."

ಬೆಂಚು ತಕ್ಷಣ ಬರಲಿಲ್ಲ. ನೆಲದಡಿ ಕೇಬಲ್ ಎಲ್ಲಿದೆ ನೋಡಬೇಕು, ಬಜೆಟ್ ತಿರುಗಬೇಕು. ಪ್ರತಿ ಸಲವೂ ಅಕ್ಕು ಯಾರು, ಯಾವತ್ತು ಎಂದು ಫೋನಿನಲ್ಲಿ ಕೇಳಿದರು. ಪ್ರತಿ ಸಲವೂ ಯಾರೋ ಒಬ್ಬರ ಹೆಸರು, ಯಾವುದೋ ಒಂದು ವಾರ ಸಿಕ್ಕಿತು. ಅಷ್ಟರತನಕ ಕುರ್ಚಿ ಮರಿಯಾರ ಬೇಲಿಯ ಹಿಂದೆ ಇರುತ್ತಿತ್ತು. ಬೇಕಾದವರು ತೆಗೆದು ಕೂತು ಮತ್ತೆ ಅಲ್ಲೇ ಇಡುತ್ತಿದ್ದರು. ಒಂದು ಚಳಿಗಾಲ ಕಳೆದು, ವಾಟಲ್ ಮರಗಳು ಹಳದಿ ಹೂ ಬಿಡುವ ಹೊತ್ತಿಗೆ ಬೆಂಚು ಬಂತು. ಸಾಧಾರಣ ಬೆಂಚು. ಮರದ ಪಟ್ಟಿ, ಕಬ್ಬಿಣದ ಕಾಲು, ಎದ್ದೇಳಲು ಎರಡು ಕೈಗಳು.

ಅನುಸೂಯ ಮೊದಲ ದಿನ ಅದರ ಮೇಲೆ ಕೂತು, ಎದ್ದು, ಅಂಗಡಿಗೆ ಹೋದರು. ಕೊತ್ತಂಬರಿಯ ಕಟ್ಟುಗಳನ್ನೆಲ್ಲ ಒಂದೊಂದಾಗಿ ಮೂಸಿದರು. ವಾಪಸ್ ಬಂದು ಬೆಂಚಿನಲ್ಲಿ ಅಕ್ಕುವಿನ ಪಕ್ಕ ಕೂತು, "ಎಂಥ ಸಪ್ಪೆ ಸೊಪ್ಪು ರೀ. ಸಮೀರ ತರಿಸೋದೇ ವಾಸಿ" ಎಂದರು. ಮುಖ ಮಾತ್ರ ಬೆಳಗುತ್ತಿತ್ತು. ಮರುದಿನ ಮತ್ತೆ ಸೀರೆ ಉಟ್ಟು ಹೊರಟರು, ಇನ್ನೊಂದು ಅಂಗಡಿಯ ಸೊಪ್ಪು ನೋಡಲು. ಈಗ ಲಕ್ಷ್ಮೀನಾರಾಯಣರೂ ಸಂಜೆ ಅಲ್ಲೇ ಕೂರುತ್ತಾರೆ, ಪಂಜಾಬಿ ಅಜ್ಜನ ಜೊತೆ ದೆಹಲಿಯ ರಾಜಕೀಯ ಮಾತಾಡುತ್ತಾರೆ. ಬೆಂಚಿನ ಎತ್ತರ ತಮ್ಮ ನಕ್ಷೆಗಿಂತ ಸ್ವಲ್ಪ ಕಡಿಮೆಯಾಯಿತು ಎಂಬ ದೂರು ಅವರದ್ದು.

ಕಳೆದ ಬೇಸಿಗೆಯಲ್ಲಿ ಅಕ್ಕು ದಂಪತಿ ಮೆಲ್ಬರ್ನ್‌ಗೆ ಹೋದರು. ಕ್ಲೈಡ್ ನಾರ್ತ್ ಹೊಸ ಸಬರ್ಬ್. ಮನೆಗಳು ಬಂದಿವೆ, ಮಾರ್ಟ್‌ಗೇಜ್ ಬಂದಿದೆ, ಮನೀಷನ ಬ್ಲಾಕಿನ ಹತ್ತಿರ ನೆರಳಿರುವ ಬಸ್ ಸ್ಟಾಪ್ ಬಂದಿಲ್ಲ. ವಿಮಾನ ನಿಲ್ದಾಣಕ್ಕೆ ಬಂದಿದ್ದ ಮನೀಷ್ ಮೊದಲು ಲಗೇಜ್ ನೋಡಿದ.

"ಅಮ್ಮಾ, ಕುರ್ಚಿ ತಂದಿಲ್ಲ ಅಲ್ವಾ?"

"ಇಲ್ಲಿ ಸಿಗುದಿಲ್ವಾ ಎಂತ?" ಎಂದರು ಅಕ್ಕು.

ಅಲ್ಲಿಂದಲೇ ಒಂದು ಮಧ್ಯಾಹ್ನ ಮಾಬೇಲೆಗೆ ವಿಡಿಯೋ ಕಾಲ್ ಮಾಡಿದರು. ಮಾಬೇಲೆಗೆ ಈಗ ತೊಂಬತ್ತರ ಹತ್ತಿರ. ಅಕ್ಕು ಬಿಟ್ಟುಬಂದ ಅಡುಗೆಮನೆಯ ಕುರ್ಚಿಯಲ್ಲೇ ಅಂಗಳದಲ್ಲಿ ಕೂತಿದ್ದರು, ಪೈಪ್ ಬಾಯಲ್ಲಿತ್ತು. ಅಕ್ಕು ಬೆಂಚಿನ ಫೋಟೋ ತೋರಿಸಿದರು. "ಶ್ರೀಮಂತ ದೇಶ ಅಂತೀಯ, ಒಂದು ಹಲಗೆಗೆ ಇಷ್ಟು ತಿಂಗಳಾ?" ಎಂದು ಮಾಬೇಲೆ ಗೇಲಿ ಮಾಡಿದರು. ನೀರು ಬರುತ್ತಿದೆಯಾ ಎಂದು ಇವರು ಕೇಳಿದರೆ, "ಅಕ್ಕು" ಎಂದು ಹೇಳಿ ನಕ್ಕರು. ಆಮೇಲೆ ಕೇಳಿದರು, ನೀನು ನಮ್ಮನ್ನು ನೋಡಲು ಬರುವುದಿಲ್ಲವೇ.

"ನೋಡುವ," ಎಂದರು ಅಕ್ಕು ಆ ಭಾಷೆಯಲ್ಲಿ.

ಮಾಬೇಲೆ ಪೈಪನ್ನು ಬಾಯಿಂದ ತೆಗೆದು ಫೋನಿನತ್ತ ಚಾಚಿದರು. "ನೀನಿ?"

ಈ ಸಲ ಅಕ್ಕುವಿಗೆ ಸರಿಯಾಗಿಯೇ ಕೇಳಿಸಿತು. ಆ ಸಂಜೆಯೇ ಮನೀಷನ ಪಕ್ಕ ಕೂತು ಟಿಕೆಟ್ ಬುಕ್ ಮಾಡಿಸಿದರು, ಜುಲೈಗೆ. ಹೊರಡುವ ಮುಂಚೆ ಬಸ್ ಸ್ಟಾಪಿನ ವಿಷಯಕ್ಕೆ ಕ್ಲೈಡ್ ನಾರ್ತ್‌ನ ಕೌನ್ಸಿಲರ್ ಬಾಯಿಂದಲೂ ಒಂದು ಶನಿವಾರ ಹೇಳಿಸಿದ್ದಾರೆ.

ಇನ್ನು ನಿಮ್ಮ ವಿಷಯ. ನಿಮ್ಮ ಬೀದಿಯಲ್ಲೂ ಒಂದು ತಿರುವಿದೆ. ಅಲ್ಲಿ ಯಾರೋ ಬೇಲಿ ಹಿಡಿದು ನಿಂತಿದ್ದಾರೆ, ನೀವು ಕಾರಿನಲ್ಲಿ ದಾಟಿ ಹೋಗಿದ್ದೀರಿ. ಇದನ್ನು ಓದಿ ಚೆನ್ನಾಗಿದೆ ಎಂದು ಗುಂಪಿನಲ್ಲಿ ಹಂಚಬೇಡಿ, ಹೆಬ್ಬೆರಳು ಒತ್ತಬೇಡಿ. ನಿಮ್ಮ ವಾರ್ಡಿನ ಕೌನ್ಸಿಲರ್ ಹೆಸರು ತಿಳಿದುಕೊಳ್ಳಿ. ಮುಂದಿನ ಸಭೆಗೆ ಹೋಗಿ, ನಿಮ್ಮ ಕುರ್ಚಿ ನೀವೇ ತೆಗೆದುಕೊಂಡು ಹೋಗಿ. ನೋಡೋಣ ಅಂದಿರಾ? ಹೇಳಿ, ಯಾವತ್ತು?